ತೆರೆಯ ಮೇಲಿನ ಮೂರು ಎಳೆ

"ಬಿಳಿ ಬಟ್ಟೆ ಬೇಕು. ಅಂಚು ಬೇಡ. ಬಣ್ಣದ ನೂಲು ಒಂದೂ ಬೇಡ."

ಮಗ್ಗದ ಗುಣಿಯಲ್ಲಿ ಕಾಲಿಳಿಸಿ ಕೂತಿದ್ದ ರಂಗನಾಯಕಿಯ ಕೈಯಲ್ಲಿ ಲಾಳಿ ಹಾಗೇ ನಿಂತಿತು. ತಲೆ ಎತ್ತಿ ನೋಡಿದಳು. ಬಾಗಿಲಲ್ಲಿ ನಿಂತವನಿಗೆ ಇಪ್ಪತ್ತೈದರ ಆಸುಪಾಸು. ಎಣ್ಣೆ ಹಚ್ಚಿ ಬಾಚಿದ ಕ್ರಾಪು, ಮಡಿಕೆ ಮುರಿಯದ ಜುಬ್ಬಾ. ಮುಖದಲ್ಲಿ ದುಃಖದ ಸುಳಿವೇ ಇಲ್ಲ.

"ಯಾರು ತೀರೋದ್ರು?" ಎಂದು ಮೆತ್ತಗೆ ಕೇಳಿದಳು.

ಅವನು ಕಕ್ಕಾಬಿಕ್ಕಿಯಾದ. "ಯಾರೂ ಇಲ್ಲ... ಯಾಕೆ?"

"ಅಂಚಿಲ್ಲದ ಬಿಳಿ ಬಟ್ಟೆ ಬದುಕಿರೋರು ಕೇಳಕಿಲ್ಲ."

ಈಗ ಅವನಿಗೆ ಅರ್ಥವಾಯಿತು. ನಕ್ಕುಬಿಟ್ಟ. "ಅಂಗಾದ್ರೆ ಸತ್ತೋನಿಗೇ ಅನ್ಕೊಳಿ. ಆದ್ರೆ ಅವ್ನು ಎದ್ದು ನಡೀತಾನೆ. ದಿನಾ ಸಾಯಂಕಾಲ ಆರೂವರೆಗೆ."

ರಂಗನಾಯಕಿಯ ಎದೆ ಝಲ್ಲೆಂದಿತು. ದೆವ್ವದ ಮಾತಿಗೋ ಆ ನಗುವಿಗೋ ಅವಳಿಗೆ ತಿಳಿಯಲಿಲ್ಲ. ನಮಗೆ ತಿಳಿಯದೇ ಇರುತ್ತದೆಯೇ?

ಅವನ ಹೆಸರು ಶಿವರಾಮನ್. ಸೇಲಂನಲ್ಲಿ ಕನ್ನಡದ ನೇಕಾರರಿದ್ದ ಗುಗೈ ಬೀದಿಗಳಾಚೆ ಬಯಲಲ್ಲಿ ಟೆಂಟು ಹಾಕಿದ್ದ ಸಿನಿಮಾದಲ್ಲಿ ಕತೆ ಹೇಳುವವನು. ಪರದೆಯ ಪಕ್ಕ ಕೋಲು ಹಿಡಿದು ನಿಂತು, ಇಂಗ್ಲಿಷಿನವರು ಆಡುವ ಮಾತನ್ನೆಲ್ಲ ತಮಿಳಿನಲ್ಲೂ ಕನ್ನಡದಲ್ಲೂ ಬಿಡಿಸಿ ಹೇಳಬೇಕು. ಈ ಸಲ ಬಂದಿದ್ದು ದೆವ್ವದ ಚಿತ್ರ, ಊರವರ ಬಾಯಲ್ಲಿ ಪೇಯ್ ಪಡಂ. ನೂರು ವರ್ಷದ ಹಿಂದಿನ ಯಾವುದೋ ಇಂಗ್ಲಿಷ್ ಕಾದಂಬರಿಯನ್ನು ಚಿತ್ರ ಮಾಡಿದ್ದರಂತೆ. ಹಳೆಯ ಪರದೆ ಹರಿದುಹೋಗಿತ್ತು. ಎಂಟೆಂಟು ಮೊಳದ ಮೂರು ತುಂಡು ನೇಯಿಸಿ, ಪಕ್ಕಪಕ್ಕಕ್ಕೆ ಹೊಲಿದು ತೂಗುಹಾಕುವುದು ಟೆಂಟಿನ ಮಾಲೀಕ ಮುದಲಾಳಿಯ ಲೆಕ್ಕ.

ಕಣ್ಣು ಮಂಜಾಗಿ ಮಗ್ಗ ಬಿಟ್ಟಿದ್ದ ಅಪ್ಪ ರಾಮಚಂದ್ರಪ್ಪ ಜಗಲಿಯಿಂದಲೇ ವಿಚಾರಣೆ ನಡೆಸಿದ. ಹುಡುಗ ಕಂಬೈನಲ್ಲೂರಿನವನು, ತಮ್ಮವರೇ, ಅಪ್ಪನೂ ಮಗ್ಗದವನೇ. ನಾಲ್ಕು ವರ್ಷಕ್ಕೆ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡು ಮಾರಂಡಹಳ್ಳಿಯಲ್ಲಿ ಅತ್ತೆಯ ರಾಗಿ ಹೊಲದಲ್ಲಿ ಬೆಳೆದವನು. ಮಗ್ಗ ಮುಟ್ಟಿದ್ದೇ ಇಲ್ಲ. ರಾಮಚಂದ್ರಪ್ಪ ಕುಲದ ಬೆಡಗನ್ನೂ ಕೇಳಿದ. ಪರದೆ ನೇಯಲು ಬೆಡಗು ಯಾಕೆ ಬೇಕು ಎನ್ನಬೇಡಿ, ಮದುವೆ ವಯಸ್ಸಿನ ಮಗಳಿರುವ ಮನೆಯಲ್ಲಿ ನೀರು ಕೇಳಿದವರ ಬೆಡಗನ್ನೂ ಕೇಳುತ್ತಾರೆ.

ಆ ಮನೆತನದಲ್ಲಿ ಒಂದು ನಿಯಮವಿತ್ತು. ಬದುಕಿರುವವರಿಗೆಂದು ಮಗ್ಗದಿಂದ ಇಳಿಯುವ ಬಟ್ಟೆ ಎಷ್ಟೇ ಬಿಳಿಯಿರಲಿ, ಎಲ್ಲಾದರೂ ಒಂದು ಕಡೆ ಮೂರು ಎಳೆ ಕೆಂಪು ನೂಲು ಹಾಯಿಸಲೇಬೇಕು. ಪೂರಾ ಬಿಳಿ ಹೆಣಕ್ಕೆ ಮಾತ್ರ. ಅಮ್ಮ ಹೋದಾಗ ರಂಗನಾಯಕಿ ಅಂಥದ್ದೊಂದು ನೇಯ್ದಿದ್ದಳು. ಇನ್ನೊಂದು ನೇಯುವ ಧೈರ್ಯ ಅವಳಿಗಿರಲಿಲ್ಲ.

ಆದರೆ ಅವನು ಬಣ್ಣ ಬೇಡವೆಂದಿದ್ದ. ಏನು ಮಾಡುವುದು?

ನೇಯ್ಗೆ ಎಷ್ಟಾಯಿತು ಎಂದು ನೋಡುವ ನೆಪದಲ್ಲಿ ಶಿವರಾಮನ್ ದಿನಾ ಮಧ್ಯಾಹ್ನ ಬಂದ. ಬಂದವನು ಸುಮ್ಮನಿರುವ ಪೈಕಿಯಲ್ಲ. ಜಗಲಿಯ ಕಂಬಕ್ಕೆ ಒರಗಿ ಚಿತ್ರದ ಕತೆ ಹೇಳುತ್ತಿದ್ದ. ಯಾರೋ ಒಬ್ಬ ವೈದ್ಯ ಸತ್ತವರ ಕೈ, ಕಾಲು, ತಲೆ ತಂದು ಹೊಲಿದು ಒಬ್ಬ ಮನುಷ್ಯನನ್ನೇ ಮಾಡುತ್ತಾನೆ. ಅದು ಕಣ್ಣು ಬಿಟ್ಟ ಕೂಡಲೇ ಮಾಡಿದವನೇ ಹೆದರಿ ಓಡುತ್ತಾನೆ.

"ಪಾಪ..." ಎಂದಳು ರಂಗನಾಯಕಿ.

ಅವನು ಬೆರಗಾದ. ಇಷ್ಟು ಊರು ಸುತ್ತಿದ್ದ, ಆ ದೆವ್ವಕ್ಕೆ ಪಾಪ ಎಂದವರು ಒಬ್ಬರೂ ಸಿಕ್ಕಿರಲಿಲ್ಲ.

"ಅದಕ್ಕೆ ಬೇಕಾದದ್ದು ಒಂದೇನೆ," ಎಂದ, ದನಿ ತಗ್ಗಿಸಿ. "ಎದುರ್ಕೊಳ್ದೆ ಪಕ್ಕದಲ್ಲಿ ಕೂತ್ಕೊಳ್ಳೋರು ಒಬ್ರು. ನನಗೂ ಅಷ್ಟೇ ಅನ್ಕೊಳಿ. ಊರೂರು ತಿರುಗ್ತೀನಿ, ಸಾವಿರ ಜನ ಕೇಳ್ತಾರೆ. ಟೆಂಟು ಕಿತ್ತ ಮೇಲೆ ಯಾರೂ ಇಲ್ಲ."

ರಂಗನಾಯಕಿ ಬಿಳಿ ನೂಲಿನ ಲಾಳಿಯನ್ನು ಬದಿಗಿಟ್ಟಳು. ಪಕ್ಕದ ಬುಟ್ಟಿಯಿಂದ ದಪ್ಪ ಕೆಂಪು ನೂಲಿನ ಲಾಳಿ ತೆಗೆದಳು. ಒಮ್ಮೆ, ಎರಡು ಸಲ, ಮೂರು ಸಲ ಎಸೆದಳು. ಎರಡನೆಯ ತುಂಡಿನ ನಟ್ಟನಡುವೆ ಕೆಂಪು ಗೆರೆಯೊಂದು ಮೂಡಿತು. ಅವನು ನೋಡುತ್ತಿದ್ದದ್ದು ಅವಳ ಮುಖವನ್ನು, ಬಟ್ಟೆಯನ್ನಲ್ಲ.

*ನಿಮಗೆ ಕೇಡಾಗಬಾರದು, ಅಷ್ಟೇ...* ಎಂದುಕೊಂಡಳು. ಬಾಯಿಬಿಟ್ಟು ಹೇಳಲು ನಾಚಿಕೆ. ಆಮೇಲೆ ಹೇಳಿದರಾಯಿತು ಎಂದು ಸುಮ್ಮನಾದಳು. ಬಟ್ಟೆ ಸುರುಳಿಯಾಗಿ ಹೋಯಿತು, ಹೊಲಿಯುವವನು ಹೊಲಿದ, ಹೇಳುವುದು ಉಳಿದೇಹೋಯಿತು.

ಮೊದಲ ದಿನದ ಆಟಕ್ಕೆ ಜನ ಕಿಕ್ಕಿರಿದಿದ್ದರು. ದೆವ್ವ ಎದ್ದು ಕೂತಿತು. ಹೆಂಗಸರು ಸೆರಗು ಕಚ್ಚಿಕೊಂಡರು. ಸರಿಯಾಗಿ ಅದರ ಎದೆಯ ಮೇಲೆ ಅಡ್ಡವಾಗಿ ಕೆಂಪು ಗೆರೆ ಹೊಳೆಯಿತು. ಮುಂದೆ ನೆಲದ ಮೇಲೆ ಕೂತಿದ್ದವನೊಬ್ಬ, ದೆವ್ವ ಅಂಚಿನ ಪಂಚೆ ಉಟ್ಟು ಬಂದಿದೆ ಎಂದು ಕೂಗಿದ. ಟೆಂಟೆಲ್ಲ ಗೊಳ್ಳೆಂದಿತು. ಆಮೇಲೆ ಯಾರೂ ಹೆದರಲಿಲ್ಲ.

ಮರುದಿನ ಬೆಳಿಗ್ಗೆ ಟೆಂಟಿನ ಗೇಟು ಕಾಯುವ ದೊಡ್ಡಣ್ಣ ಪರದೆಯನ್ನು ಹೆಗಲ ಮೇಲೆ ಹೊತ್ತು ಬಂದು ಜಗಲಿಗೆ ಹಾಕಿದ.

"ಶಿವರಾಮು ಕೊಟ್ಟು ಕಳ್ಸವ್ನೆ. ಕೆಂಪು ನೂಲು ಕಿತ್ತಾಕ್ಬೇಕಂತೆ."

ರಂಗನಾಯಕಿಯ ಕಣ್ಣು ತುಂಬಿತು. ತಾನೇ ಬರದೆ ಆಳನ್ನು ಕಳಿಸಿದ್ದಾನೆ! ಯಾಕೆ ಹಾಕಿದೆ ಎಂದು ಒಂದು ಮಾತು ಕೇಳಬಾರದಿತ್ತೇ? ಆರು ದಿನ ಎದುರು ಕೂತು ಆಡಿದ್ದೆಲ್ಲ ಟೆಂಟಿನಲ್ಲಿ ಹೇಳುವ ಕತೆಯ ಹಾಗೇ ಎಂದಾಯಿತು.

"ನಾನು ಕೀಳಕಿಲ್ಲ ಅಂತ ಯೋಳು," ಎಂದಳು, ಪರದೆಯನ್ನು ಅವನತ್ತ ತಳ್ಳಿ. "ಬೇಡ ಅಂದ್ರೆ ಅವರೇ ಕತ್ರಿ ಆಕ್ಲಿ."

ದೊಡ್ಡಣ್ಣ ಗೊಣಗುತ್ತ ಬಟ್ಟೆ ಹೊತ್ತು ಹೋದ. ನಾಲ್ಕು ದಿನವಾದರೂ ಶಿವರಾಮನ್ ಇತ್ತ ಸುಳಿಯಲಿಲ್ಲ. ಸೋಮವಾರ ಟೆಂಟು ಕಿತ್ತು ಧರ್ಮಪುರಿಗೆ ಹೊರಡುತ್ತದೆ ಎಂಬ ಸುದ್ದಿ ಬೀದಿಯಲ್ಲಿ ಹರಡಿತು. ಹೋದರೆ ಹೋಗಲಿ ಎಂದುಕೊಂಡಳು. ಆದರೂ ಮಧ್ಯಾಹ್ನವಾದರೆ ಕಣ್ಣು ಬಾಗಿಲಿಗೆ ಹೋಗುತ್ತಿತ್ತು, ಲಾಳಿ ತಪ್ಪುತ್ತಿತ್ತು.

ತಾಯಿಯಿಲ್ಲದ ಆ ಮನೆಗೆ ದಿಕ್ಕಾಗಿದ್ದ ಸೋದರತ್ತೆ ಅಂಕಮ್ಮನಿಗೆ ಇದೆಲ್ಲ ತಿಳಿಯದ್ದಲ್ಲ. ಭಾನುವಾರ ಸಂಜೆ, ತನಗೆ ಆ ದೆವ್ವ ನೋಡಲೇಬೇಕು, ಒಬ್ಬಳೇ ಹೋಗಲು ಹೆದರಿಕೆ ಎಂದು ಹಟ ಹಿಡಿದು ರಂಗನಾಯಕಿಯನ್ನು ಎಬ್ಬಿಸಿಕೊಂಡು ಹೊರಟಳು. ಅಂಕಮ್ಮ ಯಾವುದಕ್ಕೂ ಹೆದರಿದ್ದನ್ನು ಆ ಬೀದಿಯಲ್ಲಿ ಯಾರೂ ಕಂಡಿರಲಿಲ್ಲ.

ಹೆಂಗಸರ ಕಡೆ ತಟ್ಟಿಯ ಪಕ್ಕ ಕೂತರು. ದೀಪ ಆರಿತು. ದೆವ್ವ ಎದ್ದು ಕೂತಿತು.

ಎದೆಯ ಮೇಲೆ ಕೆಂಪು ಗೆರೆ ಹಾಗೇ ಇತ್ತು.

ಈ ಸಲ ಯಾರೂ ನಗಲಿಲ್ಲ. ಪರದೆಯ ಪಕ್ಕದಲ್ಲಿ ಶಿವರಾಮನ್ ಕೋಲನ್ನು ನಿಧಾನವಾಗಿ ಎತ್ತಿ ಆ ಗೆರೆಯ ಮೇಲಿಟ್ಟ. ತಮಿಳಿನಲ್ಲಿ ಹೇಳುತ್ತಿದ್ದವನು ಇದ್ದಕ್ಕಿದ್ದಂತೆ ಕನ್ನಡಕ್ಕೆ ತಿರುಗಿದ.

"ಈ ಮೈಯೆಲ್ಲ ಸತ್ತೋರ್ದು. ಬದುಕಿರೋದು ಈ ಮೂರೆಳೆ ಮಾತ್ರ. ಯಾರೋ ಒಬ್ರು, ಇವನಿಗೆ ಕೇಡಾಗ್ಬಾರ್ದು ಅಂತ ಕೈಯಾರೆ ಇಟ್ಟವ್ರೆ. ಇವನಿಗೆ ಅದು ಗೊತ್ತಿರ್ನಿಲ್ಲ. ಪಕ್ಕದಲ್ಲೇ ಕೂತಿದ್ರೂ ನೋಡ್ನಿಲ್ಲ. ಈಗ ಗೊತ್ತಾಗೈತೆ..."

ಮುಂದೆ ಕೂತಿದ್ದ ಮುದುಕನೊಬ್ಬ ಕಣ್ಣೊರೆಸಿಕೊಂಡ. ರಂಗನಾಯಕಿಯ ಕೆನ್ನೆಯ ಮೇಲೆ ನೀರು ಇಳಿಯುತ್ತಲೇ ಇತ್ತು. ಅಂಕಮ್ಮ ಪರದೆಯಿಂದ ಕಣ್ಣು ತೆಗೆಯದೆ ತನ್ನ ಸೆರಗಿನ ತುದಿಯನ್ನು ಅವಳ ಕೈಗೆ ಕೊಟ್ಟಳು.

ಆಟ ಮುಗಿದು ಹೊರಬರುವಾಗ ಗೇಟಿನಲ್ಲಿದ್ದ ದೊಡ್ಡಣ್ಣನನ್ನು ಅಂಕಮ್ಮ ತಡೆದು ನಿಲ್ಲಿಸಿದಳು. ನೂಲು ಕೀಳಬೇಕೆಂದವನು ಕೀಳದೆ ಬಿಟ್ಟದ್ದು ಯಾಕೆ ಎಂದು ಕೇಳಿದಳು. ದೊಡ್ಡಣ್ಣ ತಲೆ ಕೆರೆದುಕೊಂಡ. ಕೀಳಬೇಕು ಎಂದವನು ಮುದಲಾಳಿ. ಶಿವರಾಮು ಹೇಳಿ ಕಳಿಸಿದ್ದೇ ಬೇರೆ. ಯಾಕೆ ಇಟ್ಟೆ ಎಂದು ಕೇಳಿ ಬಾ, ಅವಳು ಕೀಳು ಎಂದರೆ ಮಾತ್ರ ಕೀಳುವುದು ಎಂದಿದ್ದ. ಆ ಹುಡುಗಿಯ ಕಣ್ಣೀರು ನೋಡಿ ಗಾಬರಿಯಾಗಿ ಆ ಅರ್ಧ ಮರೆತೇಹೋಯಿತು. ಆ ಮೂರೆಳೆಯ ಅರ್ಥವನ್ನು ಆಮೇಲೆ ಶಿವರಾಮುವಿಗೆ ಹೇಳಿದವನು ಗುಗೈಯ ಒಬ್ಬ ಮುದುಕ ನೇಕಾರ. ಅದು ತಿಳಿದದ್ದೇ ಅವನು ಮುದಲಾಳಿಯ ಮುಂದೆ ಹಟಕ್ಕೆ ನಿಂತ. ಭಾನುವಾರದೊಳಗೆ ಜನ ನಗುವುದನ್ನು ನಿಲ್ಲಿಸುತ್ತೇನೆ, ಆಗದಿದ್ದರೆ ಕೆಲಸ ಬಿಟ್ಟು ಹೋಗುತ್ತೇನೆ ಎಂದುಬಿಟ್ಟ. ಮೊದಲೆರಡು ದಿನ ಜನ ನಕ್ಕರು. ಗೆಲ್ಲದೆ ಯಾವ ಮುಖ ಹೊತ್ತು ಆ ಬಾಗಿಲಿಗೆ ಹೋಗಲಿ ಎಂದು ಇಷ್ಟು ದಿನ ಟೆಂಟಿನಲ್ಲೇ ಇದ್ದ.

ಅಂಕಮ್ಮ ದೊಡ್ಡಣ್ಣನನ್ನು ಬೈದ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ.

ಸೋಮವಾರ ಬೆಳಿಗ್ಗೆ ಗಾಡಿಗಳಿಗೆ ಟೆಂಟಿನ ಸಾಮಾನು ಏರುತ್ತಿದ್ದಾಗ, ಮಗ್ಗದ ಮನೆಯ ಬಾಗಿಲಲ್ಲಿ ನೆರಳು ಬಿತ್ತು.

"ಒಂದು ಜೊತೆ ಪಂಚೆ ಬೇಕು. ಎರಡು ಕಡೇನೂ ಕೆಂಪಂಚು ಇರ್ಬೇಕು."

ರಂಗನಾಯಕಿ ತಲೆ ಎತ್ತಲಿಲ್ಲ. ಲಾಳಿ ಹಿಡಿದ ಕೈ ಮಾತ್ರ ನಿಂತಿತ್ತು.

"ಯಾರಿಗೆ?"

"ಮದುವೆ ಗಂಡಿಗೆ. ಕಂಬೈನಲ್ಲೂರೋನು. ಈಗ ಧರ್ಮಪುರಿಗೆ ಓಯ್ತಾವ್ನೆ, ಸಂಕ್ರಾಂತಿ ಕಳೆದು ತೈ ತಿಂಗಳಿಗೆ ತಿರುಗಿ ಬತ್ತಾನೆ. ಎಣ್ಣು ಒಪ್ಪಿದ್ರೆ."

ಜಗಲಿಯಲ್ಲಿ ರಾಮಚಂದ್ರಪ್ಪ ಕೆಮ್ಮಿದ. ಆಮೇಲೆ ಎದ್ದು, ಗಾಡಿಗಳನ್ನು ನೋಡಿ ಬರುತ್ತೇನೆಂದು ಕೋಲೂರಿಕೊಂಡು ಬೀದಿಗೆ ಇಳಿದ. ಮಾರುದೂರದ ಗಾಡಿಯೂ ಕಾಣದ ಕಣ್ಣು ಅವನದು.

"ಎಣ್ಣಿನ ಸೀರೆ ಯಾರು ನೇಯ್ತಾರೆ?" ಎಂದಳು ರಂಗನಾಯಕಿ.

"ನೀನೇ. ಮೂರೆಳೆ ಮಾತ್ರ ನನಗೆ ಬಿಡು." ಅವನು ಮೆಟ್ಟು ಬಿಟ್ಟು ಒಳಗೆ ಬಂದು ಗುಣಿಯ ಅಂಚಿನಲ್ಲಿ ಕೂತ. "ನಮ್ಮಪ್ಪ ಇದ್ದಿದ್ರೆ ಕಲಿಸ್ತಿದ್ದ. ಈಗ ನೀನು ಯೋಳ್ಕೊಡು."

ಅವಳು ಸರಿದು ಜಾಗ ಮಾಡಿದಳು. ಬುಟ್ಟಿಯಿಂದ ಕೆಂಪು ನೂಲಿನ ಲಾಳಿ ತೆಗೆದು ಅವನ ಕೈಗಿಟ್ಟಳು. ಮೊದಲ ಸಲ ಎಸೆದಾಗ ಲಾಳಿ ದಾರಿ ತಪ್ಪಿ ನೆಲಕ್ಕೆ ಬಿತ್ತು.

"ಎದುರ್ಕೊಂಡು ಎಸೀಬಾರ್ದು," ಎಂದು ಅವನ ಮೊಣಕೈ ಹಿಡಿದಳು.

"ನೀನು ಪಕ್ಕದಲ್ಲಿ ಕೂತಿರ್ತೀಯಾ?"

"ಇರ್ತೀನಿ. ಎಸೀರಿ."