ಬೇರಿನಿಂದ ಬೇರಿಗೆ

"ಎಲೆ ಬಿಚ್ಚಬೇಡ ಅಳಿಯ," ಎಂದ ಮೋಲಿತಾಸ್ ಅಜ್ಜ. "ಕಟ್ಟಿದವನೇ ಬಿಚ್ಚಬೇಕು. ಕಟ್ಟಿದವನು ಸತ್ತು ವರ್ಷ ಆಯ್ತು."

ಕಲುವಾತ್ ಆಗಲೇ ಬಿಚ್ಚಿಯಾಗಿತ್ತು. ಬಿಳಿಮರದ ಬೊಡ್ಡೆಗೆ ಅಡ್ಡಡ್ಡ ಬಿಗಿದಿದ್ದ ನಮೆಲೆ ಗಿಡದ ಎರಡು ಗರಿಗಳು ಅವನ ಕೈಯಲ್ಲಿದ್ದವು. ವರ್ಷದ ಹಿಂದೆ ಕಟ್ಟಿದ ಗರಿ ಇನ್ನೂ ಹಸಿರಾಗಿದೆಯಲ್ಲ ಎಂಬುದು ಅವನಿಗೆ ಹೊಳೆಯಲಿಲ್ಲ. ಸಾಂತೋ ದ್ವೀಪದಲ್ಲಿ ನಮೆಲೆ ಕಟ್ಟಿದ ತೆಂಗಿನ ಕೆಳಗೆ ಬಿದ್ದ ಕಾಯನ್ನು ಕಳ್ಳನೂ ಎತ್ತುವುದಿಲ್ಲ. ಅವನು ಗರಿಯಿಂದ ಮುಖಕ್ಕೆ ಗಾಳಿ ಹಾಕಿಕೊಂಡ.

"ತಂಪಾಗಿದೆ ಅಜ್ಜ. ಒಳ್ಳೆ ಬೀಸಣಿಗೆ."

ಹಗ್ಗ ಹಿಡಿಯಲು ಬಂದಿದ್ದ ಸೂಂಬೆ ನಕ್ಕ. ಅಜ್ಜನ ಮುಖ ನೋಡಿ ನಗುವನ್ನು ನುಂಗಿದ. ಅವನು ಕಲುವಾತನ ಹೆಂಡತಿ ವೋಮುಲೆಗೆ ಚಿಕ್ಕಪ್ಪನ ಮಗ. ಭಾವನ ಮುಂದೆ ನಗಬೇಕು, ಅಜ್ಜನ ಮುಂದೆ ನಗಬಾರದು.

ಕಲುವಾತ್ ವಿಲಾ ಪಟ್ಟಣದವನು. ಬ್ರಿಸ್ಬೇನಿನಲ್ಲಿ ಎರಡು ವರ್ಷ ಮರದ ತುದಿಯಲ್ಲಿ ನೇತಾಡಿ ಕೆಲಸ ಕಲಿತು, ಒಂಬತ್ತೂವರೆ ತಿಂಗಳ ಹಿಂದೆ ಮರಳಿದವನು. ತಾನು ಹಾಕಿದ ಗಂಟನ್ನು ಬಿಟ್ಟರೆ ಬೇರೇನನ್ನೂ ನಂಬುತ್ತಿರಲಿಲ್ಲ. ವೋಮುಲೆ ಹೆರಿಗೆಗೆಂದು ಮಾಲೋ ದ್ವೀಪದ ತನ್ನ ಸೋದರತ್ತೆಯ ಮನೆಗೆ ಹೋಗಿದ್ದಳು. ಹತ್ತೊಂಬತ್ತು ದಿನದ ಹಿಂದೆ ಹೆಣ್ಣುಮಗು ಹುಟ್ಟಿತ್ತು. ಅವನಿನ್ನೂ ಮಗಳನ್ನು ನೋಡಿರಲಿಲ್ಲ. ಶನಿವಾರದ ದೋಣಿಗೆ ತಾಯಿ ಮಗು ಬರುವವರಿದ್ದರು. ಇವತ್ತು ಮಂಗಳವಾರ. ಮಗಳನ್ನು ಎತ್ತಿಕೊಳ್ಳುವುದನ್ನು ಅವನು ಯಾರೂ ಇಲ್ಲದಾಗ ಅಭ್ಯಾಸ ಮಾಡಿದ್ದ, ಹಗ್ಗದ ಸುರುಳಿಯನ್ನು ಮೊಣಕೈ ಮೇಲೆ ಮಲಗಿಸಿಕೊಂಡು.

ಮರ ಶಾಲೆಯ ತಗಡಿನ ಮೇಲೆ ವಾಲಿತ್ತು. ಅದರ ಆಚೆ ನೆಡುತೋಪಿನಲ್ಲಿ ಬಿಳಿಮರಗಳು ಒಂದರ ಪಕ್ಕ ಒಂದು ಒಣಗುತ್ತ ಹೋಗಿದ್ದವು. ಮೊದಲು ಈ ಮರದ ಮಗ್ಗುಲಿನವು, ಆಮೇಲೆ ಅವುಗಳ ಮಗ್ಗುಲಿನವು. ಬುಡದಲ್ಲಿ ಮೊಣಕಾಲೆತ್ತರಕ್ಕೆ ಕಾಲುಚೀಲ ತೊಡಿಸಿದಂತೆ ಕಂದು ಹಕ್ಕಳೆ. ಅದರ ಮೇಲಂಚು ಕೆನೆಬಣ್ಣ, ಹಸಿಹಸಿ. ಕಲುವಾತ್ ಚಾಕುವಿನಿಂದ ಒಂದು ಚಕ್ಕೆ ಎಬ್ಬಿಸಿದ. ಮುಚ್ಚಿಟ್ಟ ಪೆಟ್ಟಿಗೆಯ ವಾಸನೆ ಬಂತು.

"ಅಣಬೆ ಅಜ್ಜ ಇದು. ಬೇರಿಂದ ಬೇರಿಗೆ ಹೋಗತ್ತೆ. ತಾಗಿದ್ರೆ ಸಾಕು. ಮಾಟಾನೂ ಇಲ್ಲ, ಮಣ್ಣೂ ಇಲ್ಲ."

"ಅಣಬೇನೇ. ಅಲ್ಲ ಅಂದೋರ್ಯಾರು? ಕಳಿಸಿದ್ದು ಯಾರು ಅಂತ ನಾನು ಹೇಳ್ತಿರೋದು." ಅಜ್ಜ ದನಿ ತಗ್ಗಿಸಿದ. "ನಮ್ಮಣ್ಣ ತವುಯೆ. ತೋಪಿನವರು ಅವನ ಗೆಣಸಿನ ಹೊಲ ಕಿತ್ಕೊಂಡಾಗ ಈ ಬೇರಲ್ಲಿ ಏನೋ ಹೂತ, ಎಲೆ ಕಟ್ಟಿದ. ಈ ಮರ ಕಡಿದೋನು ಮರದ ದಾರೀಲೇ ಹೋಗಲಿ ಅಂದ. ಏನು ಹೂತ ಅಂತ ನಂಗೂ ಹೇಳ್ಲಿಲ್ಲ."

"ಶಾಲೆ ಮೇಲೆ ಬಿದ್ರೆ ಮಕ್ಕಳು ಯಾರ ದಾರೀಲಿ ಹೋಗ್ತವೆ ಅಜ್ಜ?"

ಅಜ್ಜ ಶಾಲೆಯ ತಗಡಿನ ಕಡೆ ನೋಡಿ ಹೇಳಿದ: "ಸರಿ. ಸಂಜೆ ಹೋಗೋವಾಗ ನಿಂದು ಅನ್ನೋದು ಏನೂ ಇಲ್ಲಿ ಬಿಡಬೇಡ. ತಿಂದ ಸಿಪ್ಪೆ, ಬೆವರಿನ ಬಟ್ಟೆ, ಉಗುಳು. ಏನೂ."

"ಬೆಳಿಗ್ಗೆ ಬುಡಕ್ಕೇ ಉಚ್ಚೆ ಹೊಯ್ದೆ. ಅದನ್ನ ಹೆಂಗೆ ವಾಪಸ್ ತಗೊಳ್ಳಲಿ?"

ಈ ಸಲ ಸೂಂಬೆಗೆ ನಗು ತಡೆಯಲಾಗಲಿಲ್ಲ.

ಮರ ಹತ್ತುವವನ ಅರ್ಧ ದಿನ ದಾರ ಎಸೆಯುವುದರಲ್ಲೇ ಹೋಗುತ್ತದೆ. ಮರಳಿನ ಚೀಲ ಕಟ್ಟಿದ ಸಣ್ಣ ದಾರವನ್ನು ಎತ್ತರದ ಕವಲಿಗೆ ಎಸೆಯಬೇಕು. ಅದು ಕೂತರೆ ಅದಕ್ಕೆ ಹಗ್ಗ ಕಟ್ಟಿ ಎಳೆಯಬೇಕು. ದಾರದ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಕಲುವಾತ್ ಮೂವತ್ತೇಳು ಸಲ ಎಸೆದ. ದಾರ ಕೂತಾಗ ಹೊತ್ತು ಇಳಿದಿತ್ತು. ಹಾಗೆ ಕೂತ ದಾರವನ್ನು ಯಾವ ಕಸುಬುದಾರನೂ ಸಂಜೆ ಇಳಿಸುವುದಿಲ್ಲ. ಬೆಳಿಗ್ಗೆ ಮತ್ತೆ ಎಸೆಯುವವರು ಯಾರು? ಎಂಜಲಿನಿಂದ ಒದ್ದೆಯಾದ ತುದಿಯನ್ನು ಅವನು ಮರದ ಬೇರಿಗೇ ಕಟ್ಟಿ ಮನೆಗೆ ಹೋದ.

ಬುಧವಾರ ಬೆಳಿಗ್ಗೆ ದಾರ ಆಳೆತ್ತರದವರೆಗೆ ಕಂದಾಗಿತ್ತು.

"ಭಾವ, ದಾರಕ್ಕೂ ತುಕ್ಕು ಹಿಡಿಯತ್ತಾ?"

"ಕೆಮ್ಮಣ್ಣು ಕಣೋ. ನಿನ್ನ ಹಲ್ಲಿಗೆ ಹಿಡಿದಿಲ್ವಾ, ಹಂಗೆ."

ಅವನು ದಾರವನ್ನು ಚಡ್ಡಿಗೆ ಒರೆಸಿ, ಗಂಟು ಬಿಚ್ಚಲು ಹಲ್ಲು ಹಾಕಿದ. ನಾಲಿಗೆಗೆ ಹಳೆಯ ಮಣ್ಣಿನ ಕಹಿ ತಾಗಿತು. ಉಗುಳಿದ. ಬುಡಕ್ಕೇ ಉಗುಳಿದ.

ಮೇಲೆ ಮರ ಚೆನ್ನಾಗಿತ್ತು. ಎಲೆ ಹಸಿರು, ಕೊಂಬೆ ಗಟ್ಟಿ. ಶಾಲೆಯ ಕಡೆಯ ಕೊಂಬೆಗಳನ್ನು ಒಂದೊಂದೇ ಕೊಯ್ದು ಹಗ್ಗದಲ್ಲಿ ಇಳಿಸಿದ. ಕೆಳಗೆ ಸೂಂಬೆ ಹಿಡಿದುಕೊಂಡ. ಮಧ್ಯಾಹ್ನದ ಹೊತ್ತಿಗೆ ಸಮುದ್ರದ ಕಡೆಯಿಂದ ಮೋಡ ಬಂದು ಎಲೆಗಳ ಒಳಗೆ ಕತ್ತಲಾಯಿತು. ಮೋಟಾರು ಗರಗಸ ನಿಲ್ಲಿಸಿದಾಗ ಅವನಿಗೆ ಒಂದು ತಿಳಿಯಿತು: ಇಡೀ ಮರದಲ್ಲಿ ಇರುವೆ ಇಲ್ಲ. ಹಕ್ಕಿಯಿಲ್ಲ. ಎಣ್ಣೆಯ ಹೊಗೆ ಕರಗಿದ ಮೇಲೆ ಅದೇ ಪೆಟ್ಟಿಗೆಯ ವಾಸನೆ, ಈ ಎತ್ತರದಲ್ಲಿ.

ಸೊಂಟದ ಮರಸುತ್ತಿಗೆ ತೆಗೆದು ಕಾಂಡಕ್ಕೆ ಬಡಿದ. ಗಟ್ಟಿ ಮರ ಗಟ್ಟಿಯಾಗಿ ಉತ್ತರಿಸುತ್ತದೆ, ಟೊಳ್ಳು ಮರ ಡೋಲಿನಂತೆ. ಇದು ಎರಡೂ ಅಲ್ಲ. ಮೂರು ಸಲ ಬಡಿದ.

ಒಳಗಿನಿಂದ ಯಾರೋ ಮೂರು ಸಲ ಬಡಿದರು.

"ಸೂಂಬೆ! ನೀನಾ?"

"ಏನು ಭಾವ?"

ಬಗ್ಗಿ ನೋಡಿದ. ಬುಡದ ಕಾಲುಚೀಲ ಮೊಣಕಾಲೆತ್ತರ ಇರಲಿಲ್ಲ. ಸೂಂಬೆಯ ತಲೆಗಿಂತ ಮೇಲಿತ್ತು. ಕಣ್ಣು ಮಿಟುಕಿಸಿದ. ಇನ್ನೂ ಮೇಲೆ. ಕೆನೆಬಣ್ಣದ ಅಂಚು ಹಾಲು ಉಕ್ಕಿದಂತೆ ಮೆಲ್ಲಗೆ ಏರುತ್ತಿತ್ತು.

ಇಳಿಯಬೇಕು. ಹಗ್ಗ ಸಡಿಲಿಸಿದ. ಹಗ್ಗ ಬರಲಿಲ್ಲ. ಎಳೆದ. ಕವಲಿನಲ್ಲಿ ಹಗ್ಗದ ಮೇಲೆ ಹಕ್ಕಳೆ ಕಟ್ಟಿತ್ತು. ಹಗ್ಗ ಮರವಾಗಿತ್ತು. ಚಾಕು ಹಾಕಿ ಕೊಯ್ದ. ಕಾಂಡವನ್ನು ಎರಡು ಕೈಯಿಂದ ತಬ್ಬಿ ಜಾರಿದ. ಅಂಚು ಬಂತು. ದಾಟಿದ. ಹಕ್ಕಳೆಯ ಒಳಗೆ ಬೆಚ್ಚಗಿತ್ತು. ಮೆತ್ತಗಿತ್ತು. ಅಂಗೈ ಹೂತುಹೋಯಿತು. ಕೆಳಗೆ ಬೇರು ಲಟಕ್ಕೆಂದಿತು. ಮತ್ತೊಂದು. ಮತ್ತೊಂದು. ನೆಲ ಎದ್ದಿತು. ಸೂಂಬೆ ಓಡಿ ಬಂದ. ಕಲುವಾತ್ ಅವನ ಮಣಿಕಟ್ಟು ಹಿಡಿದ. ಸೂಂಬೆ ಎಳೆದ.

ಮರ ಶಾಲೆಯ ಕಡೆಗಲ್ಲ, ತೋಪಿನ ಕಡೆಗೆ ಬಿತ್ತು.

ಧೂಳು ಇಳಿದಾಗ ಇಬ್ಬರೂ ಅಂಗಾತ ಮಲಗಿ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು.

"ಎಲ್ಲೋ ನಿಮ್ಮ ತವುಯೆ?"

"ಹೆದರಿ ಓಡಿದ ಭಾವ!"

ಗುರುವಾರ ಕಲುವಾತನ ಎರಡೂ ಅಂಗೈ ಕಂದಾಗಿದ್ದವು. ಸೀಮೆಎಣ್ಣೆ ಹಾಕಿ ತಿಕ್ಕಿದ, ನಿಂಬೆ ಹಿಂಡಿದ, ಚಾಕುವಿನಿಂದ ಕೆರೆದ. ನೋವೇ ಇಲ್ಲ. ಅದಕ್ಕೇ ಹೆದರಿದ. ಸಂಜೆಗೆ ಕೆನೆಬಣ್ಣದ ಅಂಚು ಮೊಣಕೈಗೆ ಬಂದಿತ್ತು. ಸೂಂಬೆಯ ಮಣಿಕಟ್ಟಿನಲ್ಲಿ ನಾಲ್ಕು ಬೆರಳು, ಒಂದು ಹೆಬ್ಬೆರಳಿನ ಗುರುತು, ಅದೇ ಬಣ್ಣದ್ದು.

ಶುಕ್ರವಾರ ಬೆಳಿಗ್ಗೆ ಸೂಂಬೆ ಬೇಯಿಸಿದ ಬಾಳೆಕಾಯಿ ತಿನ್ನುತ್ತ, ಭಾವ ಕೈಗವಸು ಹಾಕಿಕೊಂಡು ಮದುವೆಗೆ ಹೊರಟ ದೊರೆಯ ಹಾಗೆ ಕಾಣ್ತಾನೆ ಎಂದು ಹೇಳಿ ಎಲ್ಲರನ್ನೂ ನಗಿಸಿದ. ಎದ್ದು ನಿಂತ. ಮಂಡಿ ಮಡಚದೆ, ಕೈ ಚಾಚದೆ, ಉದ್ದಕ್ಕೆ ಬಿದ್ದ. ಮೈಗೆ ಕೈ ತಾಗಿಸದೆ ಚಾಪೆಯಲ್ಲಿ ಎತ್ತಿದ ನಾಲ್ವರು ಒಬ್ಬರ ಮುಖ ಒಬ್ಬರು ನೋಡಿದರು. ಹೆಣದಲ್ಲಿ ಭಾರವೇ ಇರಲಿಲ್ಲ.

ಮೋಲಿತಾಸ್ ಅಜ್ಜ ಬೈಯಲಿಲ್ಲ. ಹತ್ತು ಹೆಜ್ಜೆ ದೂರ ನಿಂತು ಕೇಳಿದ: "ಬ್ರಿಸ್ಬೇನಲ್ಲಿ ಇಂಥ ಮರಕ್ಕೆ ಏನು ಮಾಡ್ತಿದ್ರಿ?"

ಕಲುವಾತ್ ತನ್ನ ಕೈ ನೋಡಿಕೊಂಡ. "ಸುತ್ತ ಕಂದಕ ತೋಡ್ತಿದ್ವಿ. ಆಚೆ ಬೇರಿಗೆ ಇದರ ಬೇರು ತಾಗದ ಹಾಗೆ."

"ಅದರಿಂದ ಈ ಮರ ಉಳೀತಿತ್ತಾ?"

"ಇಲ್ಲ ಅಜ್ಜ. ಬೇರೆ ಮರಗಳು ಉಳೀತಿದ್ವು."

ಅಜ್ಜ ಸನಿಕೆಯನ್ನು ಅವನ ಕಡೆ ಎಸೆದ. ಊರಿನ ಅಂಚಿನ ಖಾಲಿ ಗುಡಿಸಲ ಸುತ್ತ ಕಲುವಾತ್ ಒಬ್ಬನೇ ತೋಡಿದ. ಯಾರೂ ನೆರವಿಗೆ ಬರುವಂತಿರಲಿಲ್ಲ. ಶನಿವಾರ ಹೊತ್ತು ಏರುವಾಗ ಕಂದಕ ಸೊಂಟದಾಳ, ಎರಡು ಮಾರು ಅಗಲ ಆಗಿತ್ತು. ಕೆನೆಬಣ್ಣದ ಅಂಚು ಅವನ ಭುಜ ದಾಟಿತ್ತು.

ದೋಣಿಕಟ್ಟೆಯಿಂದ ಬಂದ ಲಾರಿಯಿಂದ ವೋಮುಲೆ ಇಳಿದಳು. ಹೆಗಲಿಗೆ ಮಗು. ಸೂಂಬೆಯ ಸುದ್ದಿ ದಾರಿಯಲ್ಲೇ ತಿಳಿದಿತ್ತು, ಕಣ್ಣು ಊದಿತ್ತು. ಊರೆಲ್ಲ ಅವಳ ಹಿಂದೆ ಬಂದು ದೂರದಲ್ಲಿ ನಿಂತಿತು.

"ಮುಟ್ಟಬೇಡ ಮಗಳೇ," ಎಂದ ಅಜ್ಜ.

"ಮರ ಬೀಳೋವಾಗ ಸೂಂಬೆಗೆ ಒಳಗೆ ಪೆಟ್ಟಾಗಿದೆ. ನೀವು ಯಾರೂ ಆಸ್ಪತ್ರೆಗೆ ಒಯ್ಲಿಲ್ಲ," ಎಂದಳು ಅವಳು. "ಇವನದ್ದು ಹುಳುಕಡ್ಡಿ. ಮುಲಾಮು ಹಚ್ಚಿದ್ರೆ ಹೋಗತ್ತೆ." ಕಂದಕದ ಆಚೆ ನಿಂತ ಗಂಡನ ಕಡೆ ತಿರುಗಿದಳು. "ನೀನೂ ನಂಬಿಬಿಟ್ಯಾ? ಊರಿಗೆಲ್ಲ ಬುದ್ಧಿ ಹೇಳೋ ಗಂಡಸು?"

ಹಾಗೆ ಗೇಲಿ ಮಾಡುವುದನ್ನು ಅವಳು ಅವನಿಂದಲೇ ಕಲಿತಿದ್ದಳು.

"ಬರಬೇಡ ವೋಮುಲೆ."

"ಹಿಡ್ಕೋ ಇವಳನ್ನ. ನಿನ್ನ ಹಾಗೇ ಮೂಗು ನೋಡು."

"ಬರಬೇಡ ಅಂದೆ!"

ಅವಳು ಕಂದಕದ ದಂಡೆಯಲ್ಲಿ ಕೂತಳು. ಒಂದು ಕಾಲನ್ನು ಒಳಕ್ಕೆ ಇಳಿಬಿಟ್ಟಳು. ಮಣ್ಣು ಉದುರಿತು. ಅವನು ಹಿಂದೆ ಸರಿದ. ಬೆನ್ನಿಗೆ ಗುಡಿಸಲ ಗೋಡೆ ತಾಗಿತು. ಇನ್ನು ಸರಿಯಲು ಜಾಗವಿಲ್ಲ. ಅವಳ ಇನ್ನೊಂದು ಕಾಲೂ ಇಳಿಯಿತು.

"ಆ ಮಗು ನಂದಲ್ಲ," ಎಂದ ಕಲುವಾತ್.

ಊರು ಕೇಳುವಷ್ಟು ಜೋರಾಗಿ ಹೇಳಿದ.

"ಏನಂದೆ?"

"ತಿಂಗಳು ಎಣಿಸು. ನಾನು ಬ್ರಿಸ್ಬೇನಿಂದ ಬಂದಿದ್ದು ಯಾವಾಗ, ಇದು ಹುಟ್ಟಿದ್ದು ಯಾವಾಗ? ಎಲ್ರೂ ಎಣಿಸಿ. ಮಾಲೋಗೆ ಯಾಕೆ ಓಡಿದ್ಲು, ಇವಳನ್ನೇ ಕೇಳಿ. ಯಾವನದ್ದೋ ಪಿಂಡಕ್ಕೆ ನನ್ನ ಮೂಗು ಅಂಟಿಸಬೇಡ."

ವೋಮುಲೆ ಅವನನ್ನೇ ನೋಡಿದಳು. ಅವನು ಕಣ್ಣು ತಪ್ಪಿಸಲಿಲ್ಲ. ತಪ್ಪಿಸಿದರೆ ಅವಳಿಗೆ ಗೊತ್ತಾಗುತ್ತಿತ್ತು. ಊರವರಲ್ಲಿ ಯಾರೋ ಹೆಂಗಸು ಬೆರಳು ಮಡಚತೊಡಗಿದ್ದಳು.

ಅವಳು ಒಂದು ಕಾಲು ಎತ್ತಿದಳು. ಇನ್ನೊಂದನ್ನೂ ಎತ್ತಿದಳು. ಎದ್ದು ತನ್ನ ಅಗಲವಾದ ಹೂವಿನ ಅಂಗಿಯ ಮಣ್ಣು ಕೊಡವಿ, ಬೆನ್ನು ತಿರುಗಿಸಿ ನಡೆದಳು.

ಮಗು ಅವಳ ಹೆಗಲ ಮೇಲಿಂದ ಅವನ ಕಡೆಗೇ ಮುಖ ಮಾಡಿತ್ತು. ಮೂಗು ನಿಜವಾಗಿಯೂ ಅವನದೇ. ನೋಡಲು ಅವನಿಗೆ ಅಷ್ಟೇ ಹೊತ್ತು ಸಿಕ್ಕಿತು, ಅವಳು ಅಂಗಳ ದಾಟುವಷ್ಟು.