ಅಜ್ಜಿಯ ಕೈಗುಣ

“ಬ್ಯಾಡ ಕಣ್ ರುದ್ರವ್ವ, ಈ ಸಲ ನೀನೇ ಊರ್ಕೊ.”

ಚಿಕ್ಕಮಾದಜ್ಜಿ ಕುಂಬಳದ ಬೀಜಗಳನ್ನು ಪಕ್ಕದ ಮನೆ ಶಿವರುದ್ರಮ್ಮನ ಕೈಗೇ ವಾಪಸು ಹಾಕಿದಳು. ಹೊಸಿಲ ಮೇಲೆ ಕೂತಿದ್ದ ಮೊಮ್ಮಗಳು ಚಲುವಿ ತಟ್ಟನೆ ತಲೆಯೆತ್ತಿದಳು.

“ಇದೇನಕ್ಕ? ವರ್ಸಾ ವರ್ಸಾ ನೀವೇ ಅಲ್ವಾ ಊರೋದು? ಅನಗೋಡ್ನಲ್ಲಿ ನಿಮ್ಮಂತ ಕೈಗುಣ ಇನ್ಯಾರ್ಗದೆ?”

“ಇತ್ತು. ಈಗ ನಮ್ ಇತ್ಲು ನೋಡು.”

ಹಿತ್ತಲಲ್ಲಿ ಬಸಳೆ ಬಳ್ಳಿ ಸೊರಗಿ ಜೋತುಬಿದ್ದಿತ್ತು. ದಂಟಿನ ಎಲೆಗಳ ಅಂಚೆಲ್ಲ ಕಂದಿತ್ತು. ಬದನೆ ಹೂವು ಉದುರಿತ್ತು. ಆ ಗಿಡಗಳಿಗೆ ಯಾರೂ ಕೊಡ ಹೊತ್ತು ನೀರು ಹಾಕಿದ್ದೇ ಇಲ್ಲ. ಬಚ್ಚಲ ನೀರು ಅಜ್ಜಿ ತೋಡಿದ ಪುಟ್ಟ ಕಾಲುವೆಯಲ್ಲಿ ಹರಿದು ತಾನೇ ಬುಡಕ್ಕೆ ಹೋಗುತ್ತಿತ್ತು. ಬೇಸಿಗೆಯಲ್ಲೂ ಸಾರಿಗೆ ಸೊಪ್ಪು ತಪ್ಪುತ್ತಿರಲಿಲ್ಲ.

ಶಿವರುದ್ರಮ್ಮ ಮುಖ ಸಣ್ಣಗೆ ಮಾಡಿಕೊಂಡು ಹೋದಳು.

ಹಿಂದಿನ ತಿಂಗಳು, ಇನ್ಸ್‌ಪೆಕ್ಟರ್ ಸಾಹೇಬರು ಸ್ಕೂಲಿಗೆ ಬರುತ್ತಾರೆ, ಬಟ್ಟೆ ಬೆಳ್ಳಗಿರಬೇಕು ಎಂದು ಮೇಷ್ಟ್ರು ಹೇಳಿದ್ದರು. ಅಜ್ಜಿಯ ಅಂಟುವಾಳದ ಕಾಯಿಯಲ್ಲಿ ಒಗೆದರೆ ಲಂಗ ಎಲ್ಲಿ ಬೆಳ್ಳಗಾಗಬೇಕು? ಚಲುವಿ ಅಪ್ಪನನ್ನು ಕಾಡಿಬೇಡಿ ಹುಣಸೂರು ಸಂತೆಯಿಂದ ಸೋಡಾಪುಡಿ ತರಿಸಿದ್ದಳು. ಎರಡು ವಾರ ದಿನಾ ಬಚ್ಚಲಲ್ಲಿ ಹಿಡಿ ಹಿಡಿ ಸುರಿದು ಒಗೆದಿದ್ದಳು.

ಲಂಗವೇನೋ ಬೆಳ್ಳಗಾಯಿತು. ಕಾಲುವೆಯ ಅಂಚಿಗೂ ಬಿಳಿ ಪುಡಿ ಕಟ್ಟಿತು. ಕಾಲುವೆಯಿಂದ ದೂರವಿದ್ದ ನುಗ್ಗೆ ಮರವೊಂದೇ ಹಸಿರಾಗಿ ಉಳಿಯಿತು. ಅದನ್ನು ನೋಡಿ, ಮೂರು ದಿನದ ಹಿಂದೆಯೇ ಚಲುವಿಗೆ ಎಲ್ಲ ಗೊತ್ತಾಗಿತ್ತು. ಅಜ್ಜಿ ಬೈಯುತ್ತಾಳೆ ಎಂದು ಬಾಯಿ ಬಿಟ್ಟಿರಲಿಲ್ಲ. ಅಜ್ಜಿ ತನ್ನ ಕೈಯನ್ನೇ ಬೈದುಕೊಳ್ಳುತ್ತಾಳೆ ಎಂದು ಅವಳಿಗೆ ಹೊಳೆದೇ ಇರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಅವಳಿಗೆ ತಡೆಯಲಾಗಲಿಲ್ಲ.

“ಅಜ್ಜೀ, ಗಿಡ ನಿನ್ನಿಂದ ಒಣಗ್ಲಿಲ್ಲ. ನನ್ ಸೋಡಾ ನೀರು ಕುಡ್ದು ಒಣಗ್ದೊ.”

ಅಜ್ಜಿ ಬೈಯಲಿಲ್ಲ. ಎರಡೂ ಅಂಗೈಗಳನ್ನು ದೀಪದ ಹತ್ತಿರ ಹಿಡಿದು ನೋಡಿಕೊಂಡಳು.

“ಅಂಗಾರೆ ಇದು ನನ್ ಕೈ ತಪ್ಪಲ್ವಾ?”

“ಅಲ್ಲ ಕಣಜ್ಜಿ.”

“ಮತ್ತೆ ರುದ್ರವ್ವ ಬಂದಾಗ ಯಾಕ್ ಯೋಳ್ನಿಲ್ಲ, ಮಗ?”

ಚಲುವಿಗೆ ಅಳು ಬಂತು. ಅಜ್ಜಿಯ ಸೆರಗು ಹಿಡಿದು ಎಳೆದುಕೊಂಡೇ ಪಕ್ಕದ ಮನೆಗೆ ಹೋದಳು. ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು.

“ಅಯ್ಯೋ, ಈಗ್ತಾನೆ ಊರ್ಬುಟ್ನಲ್ಲ,” ಎಂದಳು ಶಿವರುದ್ರಮ್ಮ. ಬೇಲಿಯ ಪಕ್ಕದ ಗುಣಿಗಳು ಇನ್ನೂ ಒದ್ದೆಯಾಗಿದ್ದವು. “ಬರೋ ವರ್ಸ ನೀವೇ ಊರುವ್ರಂತೆ, ಅಕ್ಕ.”

“ಆಗ್ಲಿ ಬುಡವ್ವ,” ಎಂದು ಅಜ್ಜಿ ನಕ್ಕಳು. ಬರುವ ವರ್ಷ ಅಂದರೆ ಎಷ್ಟು ದೂರ ಎಂದು ಚಲುವಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು.

ವಾಪಸು ಬರುವಾಗ ಅಜ್ಜಿ ಕೈಗಳನ್ನು ಸೆರಗಿನೊಳಗೇ ಇಟ್ಟುಕೊಂಡಿದ್ದಳು. ಚಲುವಿ ಸೆರಗಿನೊಳಗೆ ತಡಕಿ, ಒಂದು ಕೈಯನ್ನು ಹಿಡಿದುಕೊಂಡಳು. ಮನೆ ಬಂದರೂ ಬಿಡಲಿಲ್ಲ.