ಕಚ್ಚಾ ಹೊಲಿಗೆ

"ಏಳ್ತೀಯಾ?" ಅಂದ ಅವನು.

"ಇಲ್ಲ," ಅಂದಳು ಅವಳು.

ನಿನ್ನೆ ಬೆಳಿಗ್ಗೆ ಹೊಟ್ಟೆ ಕೊಯ್ದು ಮಗುವನ್ನು ತೆಗೆದ ಮೇಲೆ ಗಂಡ ಹೆಂಡತಿ ಇಬ್ಬರೇ ಎದುರುಬದುರಾದದ್ದು ಇದೇ ಮೊದಲು. ಆಡಿದ್ದು ಇಷ್ಟೇ ಮಾತು. ಅವನ ಕಣ್ಣು ಅವಳ ಹೊದಿಕೆಯವರೆಗೆ ಬಂದು, ಬಿಸಿ ಮುಟ್ಟಿದಂತೆ ಹಿಂದಕ್ಕೆ ಸರಿದು, ಕಿಟಕಿಯ ಕಡೆ ಹೋಯಿತು. ಅದನ್ನು ಅವಳು ನೋಡಿಬಿಟ್ಟಳು. ಹೆಂಡತಿಯ ಕಣ್ಣಿಗೆ ಅಂಥದ್ದೆಲ್ಲ ತಪ್ಪಿಸಿಕೊಳ್ಳುತ್ತದೆಯೇ?

ಮಗು ಅವಳ ಪಕ್ಕದಲ್ಲಿರಲಿಲ್ಲ. ದಿನ ತುಂಬುವ ಮುಂಚೆಯೇ ಬಂದ ಹೆಣ್ಣುಮಗು. ಉಸಿರಾಟ ಸರಿಹೋಗಲಿ ಎಂದು ಕಾರಿಡಾರಿನ ಆ ತುದಿಯ ಕೋಣೆಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ ಮಲಗಿಸಿದ್ದರು. ಅದನ್ನು ಇಲ್ಲಿಗೆ ತರುವಂತಿರಲಿಲ್ಲ, ತಾಯಿಯೇ ಹೋಗಬೇಕು. ಗಾಲಿಕುರ್ಚಿ ಬಾಗಿಲ ಹತ್ತಿರ ಕಾಯುತ್ತಿತ್ತು. ಆದರೆ ಅದರಲ್ಲಿ ಕೂರುವುದಕ್ಕೂ ಮೊದಲು ಹಾಸಿಗೆ ಬಿಟ್ಟು ಏಳಬೇಕಲ್ಲ!

ಸಿಸ್ಟರ್ ಮೂರು ಸಲ ಬಂದು ಹೇಳಿ ಹೋಗಿದ್ದರು. ಮಲಗೇ ಇದ್ದರೆ ಕಾಲಲ್ಲಿ ರಕ್ತ ಹೆಪ್ಪುಗಟ್ಟಬಹುದು, ಎದ್ದು ನಾಲ್ಕು ಹೆಜ್ಜೆ ಹಾಕಿದರೆ ನೋವೂ ಬೇಗ ಇಳಿಯುತ್ತದೆ ಎಂದು. ಅವಳು ತಲೆಯಾಡಿಸಿ ಮತ್ತೆ ಮಂಚದ ಕಂಬಿ ಹಿಡಿದುಕೊಳ್ಳುತ್ತಿದ್ದಳು. ಅತ್ತೆಯಂತೂ ಬೆಳಿಗ್ಗೆ ಮನೆಗೆ ಹೊರಡುವಾಗ, "ಹಾಸಿಗೆ ನಿನ್ನನ್ನ ಹಿಡ್ಕೊಂಡಿಲ್ಲ ಕಣಮ್ಮ, ನೀನೇ ಅದನ್ನ ಹಿಡ್ಕೊಂಡಿದ್ದೀಯ," ಅಂದುಬಿಟ್ಟಿದ್ದರು.

ಅವಳು ನಗಲಿಲ್ಲ. 'ನಿಮಗೇನು ಗೊತ್ತು ಅತ್ತೆ... ನನ್ನೊಳಗೆ ಹಾಕಿರೋದು ಎಂಥ ಹೊಲಿಗೆ ಅಂತ ನನಗೆ ಗೊತ್ತು.'

ಹೊಲಿಗೆಯ ವಿಷಯ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮುಖ್ಯರಸ್ತೆಯ ಟೈಲರ್ ಅಂಗಡಿಯಲ್ಲಿ ಅವನು ಬಟ್ಟೆ ಕತ್ತರಿಸುತ್ತಿದ್ದ, ಅವಳು ಹೊಲಿಯುತ್ತಿದ್ದಳು. ಗಿರಾಕಿಗಳಿಗೆಲ್ಲ ಅವನು ಮಾಸ್ಟರ್. ಮದುವೆಯಾಗಿ ಐದು ವರ್ಷವಾದರೂ ಅವಳ ಬಾಯಲ್ಲೂ ಮಾಸ್ಟ್ರೇ. ಅವನ ಬಾಯಲ್ಲಿ ಅವಳು ಟೈಲರಮ್ಮ.

ಕೆಲಸ ಕೇಳಿಕೊಂಡು ಬಂದ ಮೊದಲ ದಿನ ಅವಳು ಹೊಲಿದುಕೊಟ್ಟ ತೋಳನ್ನು ಅವನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದ್ದ. ಪರ್ರೆಂದು ಕಿತ್ತುಬಂತು. "ಎಳೆದು ನೋಡದೆ ಯಾವ ಹೊಲಿಗೆನೂ ನಂಬಬಾರದು. ಇದು ಕಚ್ಚಾ ಹೊಲಿಗೆ," ಅಂದಿದ್ದ. ಕಚ್ಚಾ ಹೊಲಿಗೆ ಎಂದರೆ ಅಳತೆ ನೋಡುವುದಕ್ಕೆಂದು ದೂರದೂರ ಹಾಕಿ, ಆಮೇಲೆ ಬಿಚ್ಚಿ ಎಸೆಯುವ ದಾರ. ಅವಳು ಕಣ್ಣೊರೆಸಿಕೊಂಡು, ಹಲ್ಲು ಕಚ್ಚಿ ಇನ್ನೊಂದು ತೋಳು ಹೊಲಿದಳು. ಅವನು ಜಗ್ಗಿದ, ಬರಲಿಲ್ಲ. ಇನ್ನೊಂದು ಸಲ ಜಗ್ಗಿದ. "ಪಕ್ಕಾ," ಅಂದ. ತಾನು ಮನಸ್ಸು ಕೊಟ್ಟದ್ದು ಆ ಒಂದು ಮಾತಿಗೆ ಎಂದು ಅವಳು ಇವತ್ತಿಗೂ ಹೇಳುತ್ತಾಳೆ.

ಅದೇ ಮನುಷ್ಯ ನಿನ್ನೆ ಸಂಜೆ ಪರದೆಯ ಆಚೆ ನಿಂತು ಫೋನಿನಲ್ಲಿ ಪಿಸುಗುಟ್ಟಿದ್ದು ಅವಳಿಗೆ ಅರೆ ಎಚ್ಚರದಲ್ಲಿ ಕೇಳಿಸಿತ್ತು.

"ಅದು ಬರೀ ಕಚ್ಚಾ ಹೊಲಿಗೆ... ಹೌದು, ಎದ್ದರೆ ಬಿಚ್ಚಿಕೊಳ್ಳುತ್ತೆ. ದಯವಿಟ್ಟು ಅವಳ ಕಿವಿಗೆ ಹಾಕಬೇಡಿ."

ಅಷ್ಟೇ. ಅಲ್ಲಿಂದ ಅವಳ ಮೈ ಕಲ್ಲಾಯಿತು.

ಅವಸರದ ಆಪರೇಷನ್ ತಾನೇ? ಮಗುವಿನ ಎದೆಬಡಿತ ಇಳಿಯುತ್ತಿದೆ ಎಂದು ಓಡೋಡಿ ಒಯ್ದಿದ್ದರು. ಆ ಗಡಿಬಿಡಿಯಲ್ಲಿ ಮೇಲೆ ಮೇಲೆ ಹೊಲಿದು ಬಿಟ್ಟಿದ್ದಾರೆ. ಗಂಡನಿಗೆ ಹೇಳಿದ್ದಾರೆ, ತನ್ನಿಂದ ಮುಚ್ಚಿಡುತ್ತಿದ್ದಾರೆ. ಅದಕ್ಕೇ ಅವನು ತನ್ನ ಹೊಟ್ಟೆಯ ಕಡೆ ನೋಡುತ್ತಿಲ್ಲ. ಸಿಸ್ಟರನ್ನು ಕೇಳಿದರೆ? ಅವರೂ ಏನಿಲ್ಲ ಅಂತಲೇ ಹೇಳುತ್ತಾರೆ. ಅನುಮಾನ ಒಮ್ಮೆ ಹೊಕ್ಕರೆ ಸಮಾಧಾನದ ಮಾತೇ ಅದಕ್ಕೆ ಸಾಕ್ಷಿಯಾಗುತ್ತದೆ, ಪಾಪ!

ಒಂದೊಂದು ಕೆಮ್ಮಿಗೂ ಅವಳು ಜೀವ ಹಿಡಿದುಕೊಂಡಳು. ಎದ್ದರೆ ತಾನು ಉಳಿಯುವುದಿಲ್ಲ, ಏಳದಿದ್ದರೆ ಮಗುವನ್ನು ನೋಡುವಂತಿಲ್ಲ. ಹಾಲು ಕಟ್ಟಿಕೊಂಡು ಎದೆ ನೋಯುತ್ತಿತ್ತು. ಸಿಸ್ಟರ್ ಪುಟ್ಟ ಲೋಟದಲ್ಲಿ ಒಂದಿಷ್ಟು ಹಾಲು ಹಿಂಡಿಸಿಕೊಂಡು ಹೋದಾಗ, ಆ ಲೋಟಕ್ಕಿರುವ ಭಾಗ್ಯ ತನಗಿಲ್ಲವಲ್ಲ ಎಂದು ಗೋಡೆಯ ಕಡೆ ಮುಖ ಮಾಡಿ ಅತ್ತಳು. ಅಳುವುದಕ್ಕೂ ಭಯ. ಬಿಕ್ಕಿದರೆ ಹೊಟ್ಟೆ ಎಳೆಯುತ್ತದೆ.

ಮಧ್ಯಾಹ್ನ ಅವನು ಮಗುವನ್ನು ನೋಡಿಕೊಂಡು ಬಂದ. ಕಣ್ಣು ಬಿಟ್ಟಿತ್ತು ಅಂದ. ಇನ್ನೂ ಎರಡು ದಿನ ಹೋಗಬೇಕು, ಆಮೇಲೆ ನೋಡೋಣ ಅಂದಿದ್ದಾರಂತೆ ಡಾಕ್ಟರು. ತಾಯಿ ಬಂದು ಮುಟ್ಟಿದರೆ ಒಳ್ಳೆಯದು ಅಂದರಂತೆ. ಅವಳು ಮಂಚದ ಕಂಬಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

"ಯಾಕೆ?" ಅವನ ದನಿ ಒಡೆಯಿತು. "ಆ ಮಗು ಬೇಡವಾ ನಿನಗೆ?"

ಅವಳು ತಿರುಗಿದಳು. ಆ ಮಾತು ಕೊಯ್ದಷ್ಟು ಆಪರೇಷನ್ನೂ ಕೊಯ್ದಿರಲಿಲ್ಲ.

"ಬೇಡದೇ ಇದ್ದಿದ್ರೆ ಇಷ್ಟೊತ್ತಿಗೆ ಎದ್ದು ಬಿದ್ದು ಸತ್ತುಹೋಗ್ತಿದ್ದೆ ಮಾಸ್ಟ್ರೇ. ಅವಳಿಗೆ ಅಮ್ಮ ಇರಲಿ ಅಂತಲೇ ಮಲಗಿದ್ದೀನಿ. ನೀವು ಮುಚ್ಚಿಟ್ಟಿದ್ದು ನನಗೆ ಗೊತ್ತು. ಕಚ್ಚಾ ಹೊಲಿಗೆ ಹಾಕಿದ್ದಾರೆ, ಎದ್ದರೆ ಬಿಚ್ಚಿಕೊಳ್ಳುತ್ತೆ. ನೀವೇ ಹೇಳ್ತಿದ್ರಿ ಫೋನಲ್ಲಿ."

ಅವನು ಹಣೆಗೆ ಕೈ ಹಚ್ಚಿಕೊಂಡ.

"ಅದು... ಲಾಯರ್ ಸಾಹೇಬರ ಪ್ಯಾಂಟು."

"ಏನು?"

ಆಗ ಒಂದೊಂದಾಗಿ ಹೊರಬಂತು. ನಿನ್ನೆ ಅವಳಿಗೆ ನೋವು ಕಾಣಿಸಿಕೊಂಡಾಗ ಲಾಯರು ಅಂಗಡಿಯಲ್ಲೇ ಇದ್ದರು. ಇವನು ಗಾಬರಿಯಲ್ಲಿ ಹೊಲಿದಿಟ್ಟ ಪ್ಯಾಂಟು ಬಿಟ್ಟು, ಅಳತೆ ನೋಡಲು ದಾರ ಹಾಕಿಟ್ಟಿದ್ದ ಪ್ಯಾಂಟನ್ನು ಅವರ ಕೈಗೆ ತುರುಕಿ ಓಡಿಬಂದಿದ್ದ. ಸಂಜೆ ನೆನಪಾಗಿ ಫೋನ್ ಮಾಡಿದರೆ, ಆ ಮಹಾನುಭಾವರು ಅದನ್ನೇ ಹಾಕಿಕೊಂಡು ಯಾವುದೋ ಸಭೆಯ ಮುಂದಿನ ಸಾಲಲ್ಲಿ ಕೂತಿದ್ದರು!

"ಅಂಗಡಿ ಮಾನ ಹೋಯ್ತು ಅಂತ ನೀನು ಕೊರಗ್ತೀಯಲ್ಲ... ಅದಕ್ಕೇ ನಿನಗೆ ಹೇಳಬೇಡಿ ಅಂದೆ."

"ಎದ್ದರಾ ಅವರು?"

"ಎಲ್ಲರೂ ಹೋಗೋವರೆಗೂ ಏಳಲಿಲ್ಲವಂತೆ. ನಿನ್ನ ಹಾಗೇ."

ಅವಳಿಗೆ ನಗು ಉಕ್ಕಿಬಂತು. ತಡೆಯಲು ನೋಡಿದಳು, ಆಗಲಿಲ್ಲ. ಹೊಟ್ಟೆ ಹರಿದಂತೆ ನೋವಾಯಿತು. ಎರಡೂ ಕೈಯಲ್ಲಿ ಹೊಟ್ಟೆ ಒತ್ತಿ ಹಿಡಿದು, ಕಣ್ಣು ಮುಚ್ಚಿ, ಇನ್ನೇನು ಮುಗಿಯಿತು ಎಂದು ಕಾದಳು. ಏನೂ ಆಗಲಿಲ್ಲ. ನೋವು ನಿಧಾನವಾಗಿ ಇಳಿಯಿತು. ಹೊಲಿಗೆ ಇದ್ದಲ್ಲೇ ಇತ್ತು.

ನಗು ನಿಂತ ಮೇಲೆ ಉಳಿದ ಪ್ರಶ್ನೆಯನ್ನು ಅವಳು ಮೆಲ್ಲಗೆ ಕೇಳಿದಳು. "ಹಾಗಾದ್ರೆ ನನ್ನನ್ನ ಯಾಕೆ ನೋಡ್ತಿಲ್ಲ ನೀವು?"

ಅವನು ಸ್ಟೂಲಿನ ಮೇಲೆ ಕುಸಿದು ಕೂತ. ತನ್ನ ಬಲಗೈಯನ್ನೇ ನೋಡಿಕೊಂಡ. ಕತ್ತರಿ ಹಿಡಿದು ಹಿಡಿದು ಹೆಬ್ಬೆರಳ ಬುಡ ಗಂಟುಗಟ್ಟಿತ್ತು.

"ಈ ಕೈಲಿ ಸಹಿ ಹಾಕಿದೆ. ನಿನ್ನನ್ನ ಕೊಯ್ಯಿರಿ ಅಂತ ಬರೆದುಕೊಟ್ಟೆ. ಏನಾದ್ರೂ ಆದ್ರೆ ನಮ್ಮ ಜವಾಬ್ದಾರಿ ಅಲ್ಲ ಅಂತ ಅದರಲ್ಲಿತ್ತು. ಅದಕ್ಕೂ ಹೂಂ ಅಂದೆ. ಇಷ್ಟು ವರ್ಷ ಬಟ್ಟೆ ಕತ್ತರಿಸುವಾಗ ಒಂದು ಸಲವೂ ನನ್ನ ಕೈ ತಪ್ಪಿಲ್ಲ... ನಿನ್ನೆ ನನ್ನ ಹೆಸರನ್ನೇ ಎರಡು ಸಲ ತಪ್ಪು ಬರೆದೆ. ನಿನ್ನ ಮುಖ ನೋಡೋ ಧೈರ್ಯ ಎಲ್ಲಿಂದ ತರಲಿ?"

ಅವನು ಅಳುವುದನ್ನು ಅವಳು ಹಿಂದೆಂದೂ ನೋಡಿರಲಿಲ್ಲ. ನಿನ್ನೆ ಸಂಜೆಯಿಂದ ಇಬ್ಬರೂ ಒಂದೇ ಕೋಣೆಯಲ್ಲಿ ಬೇರೆಬೇರೆ ಭಯ ಹೊತ್ತುಕೊಂಡಿದ್ದರು. ಅವಳು ಕಂಬಿಯಿಂದ ಕೈ ತೆಗೆದು ಆ ಗಂಟುಗಟ್ಟಿದ ಹೆಬ್ಬೆರಳನ್ನು ಹಿಡಿದಳು.

"ಕತ್ತರಿ ಆಡಿಸದೆ ಯಾವ ಬಟ್ಟೆ ಹೊಲಿದಿದ್ದೀವಿ ಮಾಸ್ಟ್ರೇ?"

ಅವನು ಆಗ ನೋಡಿದ. ಮುಖವನ್ನು, ಆಮೇಲೆ ಹೊದಿಕೆಯನ್ನು. ಈ ಸಲ ಕಣ್ಣು ತಿರುಗಲಿಲ್ಲ.

"ಸಿಸ್ಟರನ್ನ ಕರೀರಿ," ಅಂದಳು ಅವಳು.

ಸಿಸ್ಟರ್ ಬಂದರು. ಒಳಗಿಂದ ಪದರ ಪದರವಾಗಿ ಹೊಲಿದಿದ್ದೇವೆ, ನೀವೂ ಮೆಚ್ಚಿಕೊಳ್ಳೋ ಹಾಗಿದೆ ಅಂದರು. ಒಮ್ಮೆಲೆ ಎದ್ದು ಕೂರಬಾರದು, ಪಕ್ಕಕ್ಕೆ ಹೊರಳಬೇಕು, ಕಾಲು ಕೆಳಗೆ ಬಿಡಬೇಕು, ಮೊಣಕೈ ಊರಿ ಏಳಬೇಕು. ಅವಳು ಹೊಟ್ಟೆಗೆ ದಿಂಬು ಒತ್ತಿ ಹಿಡಿದಳು. ಪಾದ ನೆಲಕ್ಕೆ ತಾಗಿದಾಗ ತಲೆ ಗಿರ್ರೆಂದಿತು. ಭಯ ಹೋಗಿರಲಿಲ್ಲ, ಅದೂ ಅವಳ ಜೊತೆಗೇ ಎದ್ದು ನಿಂತಿತು. ಬೆನ್ನು ಬಾಗಿ, ಹಣೆಯಲ್ಲಿ ಬೆವರಿಳಿದು, ಒಂದು ಹೆಜ್ಜೆ. ಇನ್ನೊಂದು. ಗಾಲಿಕುರ್ಚಿಯಲ್ಲಿ ಕೂತಾಗ ಅವಳು ಅವನ ಅಂಗಿಯ ತೋಳನ್ನು ಮುದುಡಿ ಹಿಡಿದಿದ್ದಳು.

ಗಾಜಿನ ಪೆಟ್ಟಿಗೆಯ ಬದಿಯ ಕಿಂಡಿಯಿಂದ ಕೈ ಹಾಕಬಹುದು ಅಂದರು. ಒಳಗೆ ಅವಳ ಅಂಗೈಯಷ್ಟು ಬೆನ್ನು, ಮೂಗಿಗೆ ಅಂಟಿಸಿದ ಸಣ್ಣ ನಳಿಕೆ, ಬೇಗ ಬೇಗ ಏರಿಳಿಯುವ ಪಕ್ಕೆ. ಇನ್ನೂ ಎರಡು ದಿನ... ಅವಳು ಒಂದು ಬೆರಳಿನಿಂದ ಆ ಬೆನ್ನನ್ನು ಸವರಿದಳು. ಕಣ್ಣಲ್ಲೇ ಸನ್ನೆ ಮಾಡಿ ಅವನ ಕೈಯನ್ನು ಒಳಗೆ ಕಳಿಸಿದಳು. ಸಹಿ ಹಾಕಿದ ಆ ಕೈಯ ತೋರುಬೆರಳನ್ನು ಮಗು ಮುಷ್ಟಿಯಲ್ಲಿ ಹಿಡಿದುಕೊಂಡಿತು.

"ಎಳೆದು ನೋಡಿ," ಅಂದಳು ಅವಳು.

ಅವನು ಹೆದರುತ್ತಲೇ ಮೆತ್ತಗೆ ಎಳೆದ. ಮಗು ಬಿಡಲಿಲ್ಲ.

"ಏನಂತೀರಿ ಮಾಸ್ಟ್ರೇ?"

ಅವನು ಇನ್ನೊಂದು ಸಲ ಎಳೆದು ನೋಡಿದ.

"ಪಕ್ಕಾ," ಅಂದ, "ಟೈಲರಮ್ಮ."